ಹಳೆಯ ಟ್ರಾಕ್ಟರುಗಳಿಗೆ ನಾವು ಹಾಕಿದ ಬೀಗ

ಜುಲೈ ಎರಡನೇ ವಾರದ ಸೋಮವಾರ ಇಪ್ಪತ್ತು ಹೊಸ ಪೆನ್ ಡ್ರೈವ್‌ಗಳನ್ನು ಚೀಲದಲ್ಲಿ ಹಾಕಿಕೊಂಡು ಗೋಕಾಕದಿಂದ ಮೂಡಲಗಿಗೆ ಹೋದೆ. ಸಂಜೆಯ ಬಸ್ಸಿಗೆ ಇಪ್ಪತ್ತನ್ನೂ ವಾಪಸು ತಂದೆ. ಆ ದಿನದ ದಿನಚರಿಯಲ್ಲಿ ‘ಮೂಡಲಗಿ: ಹೊಸದು ಬೇಡ ಅಂದರು’ ಎಂದು ಒಂದೇ ಸಾಲು ಬರೆದಿದ್ದೇನೆ. ಮುಂದಿನ ನಾಲ್ಕು ತಿಂಗಳಲ್ಲಿ ನಾವು ಮಾಡಿದ್ದೆಲ್ಲ ಆ ಸಾಲಿನಿಂದ ಹೊರಟಿತು. ಸಾಲು ಸುಳ್ಳಲ್ಲ, ಅರ್ಧ ಮಾತ್ರ.

ಆ ಪೆನ್ ಡ್ರೈವ್‌ಗಳಲ್ಲಿ ಇದ್ದದ್ದು ನಾವು ಮೂವರು ಸೇರಿ ಮಾಡಿದ ಕಂಪ್ಯೂಟರ್ ಆಟ. ಹೆಸರು ‘ಡಬಲ್ ಟ್ರಾಲಿ’. ಪ್ರೋಗ್ರಾಮ್ ಬರೆದವನು ಹುಕ್ಕೇರಿಯವನು. ನಮ್ಮಿಬ್ಬರಿಗಿಂತ ಆರು ವರ್ಷ ದೊಡ್ಡವನಾದ್ದರಿಂದ ಅಣ್ಣ ಎಂದೇ ಕರೆಯುತ್ತಿದ್ದೆವು. ಚಿತ್ರ ಬಿಡಿಸಿದವಳು ನನ್ನ ಕಾಲೇಜಿನ ಗೆಳತಿ. ಕುಲಗೋಡದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಆಟವನ್ನು ಆಡಿ ಆಡಿ ತಪ್ಪು ಹುಡುಕುವುದು, ಆಮೇಲೆ ಅಂಗಡಿಗಳಿಗೆ ಮುಟ್ಟಿಸಿ ಲೆಕ್ಕ ಇಡುವುದು ನನ್ನ ಕೆಲಸ. ಗೋಕಾಕ ಬಸ್ ನಿಲ್ದಾಣದ ಹಿಂದೆ ಮಹಡಿಯ ಮೇಲಿನ ಒಂದು ಕೋಣೆ ನಮ್ಮ ಆಫೀಸು.

ಆಟ ಸರಳ. ಆಡುವವನಿಗೆ ಒಂದು ಹಳೆಯ ಟ್ರಾಕ್ಟರ್, ಹಿಂದೆ ಎರಡು ಟ್ರಾಲಿ ಸಿಗುತ್ತವೆ. ಕಬ್ಬು ತುಂಬಿಸಿಕೊಂಡು, ಕಾಲುವೆಯ ಏರಿಯ ಮೇಲೆ ಪಲ್ಟಿಯಾಗದಂತೆ ಓಡಿಸಿ, ಕಾರ್ಖಾನೆಯ ಅಂಗಳದಲ್ಲಿ ಸರದಿ ನಿಂತು ಇಳಿಸಬೇಕು. ಬಂದ ದುಡಿಮೆಯಲ್ಲಿ ಗಾಲಿ ಬದಲಿಸಬಹುದು, ಹಾರ್ನ್ ಕೂಡಿಸಬಹುದು, ಬಣ್ಣ ಹೊಡೆಸಬಹುದು. ಟ್ರಾಲಿಯ ಹಿಂಬದಿಯ ಹಲಗೆಯ ಮೇಲೆ ನಾಲ್ಕು ಸಾಲು ಏನು ಬೇಕಾದರೂ ಬರೆಸಬಹುದು.

ಪೆನ್ ಡ್ರೈವ್‌ನಲ್ಲಿ ಮಾರಲು ಕಾರಣವಿತ್ತು. ನಮ್ಮ ಕಡೆ ಪ್ರತಿ ಟ್ರಾಕ್ಟರಿನಲ್ಲೂ ಹಾಡು ಹಚ್ಚುವ ಪೆಟ್ಟಿಗೆ ಇರುತ್ತದೆ, ಅದಕ್ಕೆ ಪೆನ್ ಡ್ರೈವ್ ಬೇಕು. ಅದರಲ್ಲಿ ಹಾಡು ತುಂಬಿಸಿ ಕೊಡುವ ಅಂಗಡಿ ಊರೂರಿಗೆ ಇದೆ. ಇಂಟರ್ನೆಟ್ಟಿನಲ್ಲಿ ದುಡ್ಡು ಕೊಟ್ಟು ಆಟ ಇಳಿಸಿಕೊಳ್ಳದವರೂ ಆ ಅಂಗಡಿಗೆ ಹೋಗುತ್ತಾರೆ. ಕದ್ದು ನಕಲು ಮಾಡದಂತೆ ಅಣ್ಣ ಒಂದು ಉಪಾಯ ಮಾಡಿದ್ದ. ಪ್ರತಿ ಪೆನ್ ಡ್ರೈವ್‌ಗೂ ತಯಾರಾಗುವಾಗಲೇ ಒಂದು ಸಂಖ್ಯೆ ಬಿದ್ದಿರುತ್ತದೆ. ಅದು ತಾಳೆಯಾದರೆ ಮಾತ್ರ ಆಟ ತೆರೆಯುತ್ತಿತ್ತು. ಫೈಲುಗಳನ್ನು ಬೇರೆ ಕಡೆ ಹಾಕಿಕೊಂಡರೆ ನಡೆಯುತ್ತಿರಲಿಲ್ಲ.

ಆಡಿದವನ ಪ್ರಗತಿಯೂ, ಅಂದರೆ ಅವನ ಟ್ರಾಕ್ಟರು, ಬಣ್ಣ, ಹಲಗೆಯ ಬರಹ ಎಲ್ಲ, ಅದೇ ಪೆನ್ ಡ್ರೈವ್‌ನಲ್ಲಿ ಉಳಿಯುತ್ತಿತ್ತು. ಇದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ಗೇಮ್ ಸೆಂಟರುಗಳ ಕಂಪ್ಯೂಟರುಗಳನ್ನು ಬಂದ್ ಮಾಡಿ ಚಾಲೂ ಮಾಡಿದರೆ ಅವು ಮೊದಲಿನ ಸ್ಥಿತಿಗೆ ಮರಳುವಂತೆ ಇಟ್ಟಿರುತ್ತಾರೆ, ಅದರಲ್ಲಿ ಏನಿಟ್ಟರೂ ಅಳಿಸಿಹೋಗುತ್ತದೆ. ಹಾಗಾಗಿ ಬೇರೆ ದಾರಿ ಇರಲಿಲ್ಲ.

ಮೂಡಲಗಿಯ ಅಂಗಡಿಯ ಯಜಮಾನರನ್ನು ನಾನು ಕಾಕಾ ಎನ್ನುತ್ತಿದ್ದೆ. ಹಾಡು ತುಂಬಿಸುವುದು, ಮೊಬೈಲ್ ರಿಪೇರಿ, ರೀಚಾರ್ಜು ಅವರ ವ್ಯವಹಾರ. ನಮ್ಮ ಆಟ ಮೊದಲ ಮೂರು ತಿಂಗಳು ಅತಿ ಹೆಚ್ಚು ಹೋದದ್ದು ಅವರ ಅಂಗಡಿಯಿಂದಲೇ. ಅಂದು ಅವರು ನನ್ನ ಚೀಲವನ್ನು ನೋಡುತ್ತಲೇ ಬೇಡವೆಂದು ಕೈಯಲ್ಲಾಡಿಸಿದರು.

“ಹೊಸಾವು ಈಗ ಬ್ಯಾಡ ಯವ್ವಾ. ಸಾಲಿ ಚಾಲೂ ಆಗ್ಯಾವು. ದಸರಾ ಸೂಟಿ ಬರಲಿ, ತಗೋತೇನಿ.”

ಅವರ ಗಾಜಿನ ಕಪಾಟಿನಲ್ಲಿ ನಮ್ಮವೇ ಪೆನ್ ಡ್ರೈವ್‌ಗಳು ಸಾಲಾಗಿ ಮಲಗಿದ್ದವು. ಒಂದೊಂದಕ್ಕೂ ಒಂದೊಂದು ಚೀಟಿ ಅಂಟಿಸಿತ್ತು. ‘ಮಸಗುಪ್ಪಿ. ಎರಡು ಹಂಗಾಮು ದುಡದೈತಿ. ಹಾರ್ನ್ ಐತಿ.’ ‘ಕುಲಗೋಡ. ಗಾಲಿ ಹೊಸಾವು.’ ಯಾವುದಕ್ಕೂ ಮುಚ್ಚಳ ಇರಲಿಲ್ಲ.

“ಇವು ಎಲ್ಲಿಂದ ಬಂದ್ವುರಿ ಕಾಕಾ?”

“ಮಂದಿ ತಂದು ಕೊಡ್ತಾರ, ಮಂದಿ ಒಯ್ತಾರ. ನಡುವ ನಂದೊಂದು ಚಾದ ಖರ್ಚು.”

ಬೆಲೆ ಕೇಳಿದೆ. ಮಸಗುಪ್ಪಿಯದಕ್ಕೆ ನಮ್ಮ ಹೊಸದರ ಒಂದೂವರೆ ಪಟ್ಟು ಹೇಳಿದರು.

“ಹಳೇದಕ್ಕ ಹೆಚ್ಚ ಯಾಕ್ರಿ?”

“ನಿಮ್ಮ ಹೊಸಾದು ಎಳೀ ಕರ ಇದ್ದಂಗ. ಇದು ದುಡದ ಎತ್ತು. ರೇಟ್ ಒಂದ ಹೆಂಗ ಆದೀತು?”

ನಾನು ನಿಂತಿದ್ದಾಗಲೇ ಒಂದು ವ್ಯಾಪಾರ ನಡೆಯಿತು. ಮಾರುವವನು ಕೌಂಟರಿನ ಕಂಪ್ಯೂಟರಿಗೆ ಪೆನ್ ಡ್ರೈವ್ ಚುಚ್ಚಿ ಟ್ರಾಕ್ಟರನ್ನು ತೋರಿಸಿದ. ಕೊಳ್ಳುವವನು ಎತ್ತಿನ ಹಲ್ಲು ನೋಡುವವನಂತೆ ಪರದೆಗೆ ಮುಖ ತಂದು, “ಹಿಂದಿನ ಗಾಲಿ ಸವದಾವಲೋ” ಎಂದ. ಕಾಕಾ ತಮ್ಮ ಹೆಗಲ ಮೇಲಿನ ಟಾವೆಲ್ಲನ್ನು ಅವರಿಬ್ಬರ ಕೈಗಳ ಮೇಲೆ ಹೊದಿಸಿದರು. ಒಳಗೆ ಬೆರಳು ಹಿಡಿದು ರೇಟು ಕೇಳುವುದು, ದನದ ಸಂತೆಯಲ್ಲಿ ಮಾಡಿದ ಹಾಗೆ.

“ಏ ಮಾವಾ, ಪೆನ್ ಡ್ರೈವ್ ಸಲುವಾಗಿ ಟಾವೆಲ್ ಹಾಕ್ತಿಯಲ್ಲೋ!” ಎಂದು ಹಿಂದೆ ನಿಂತವನೊಬ್ಬ ನಕ್ಕ.

“ಬಾಯಿಲೆ ರೇಟ್ ಹೇಳಿದ್ರ ನಿನ್ನಂಥಾವ ಬಾಜೂ ನಿಂತು ಕೆಡಸ್ತಾನ. ಸುಮ್ನಿರ” ಎಂದರು ಕಾಕಾ.

ವ್ಯಾಪಾರ ಕುದುರಿತು. ಮಾರಿದವನು ಪೆನ್ ಡ್ರೈವ್‌ನ ಮುಚ್ಚಳ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟ. ನಾನು ಕಾಕಾನ ಮುಖ ನೋಡಿದೆ.

“ಎತ್ತು ಮಾರಿದಾಂವ ಹಗ್ಗ ಕೊಡ್ತಾನೇನ? ಹಗ್ಗ ಮನ್ಯಾಗ ಉಳದ್ರ ಮತ್ತೊಂದು ಎತ್ತು ಬರ್ತೈತಿ. ಅದಕ್ಕ.”

ಇದೆಲ್ಲ ನನಗೆ ಬಹಳ ತಮಾಷೆಯಾಗಿ ಕಂಡಿತು. ಕೋಣೆಗೆ ಬಂದು ನಗುತ್ತಲೇ ಹೇಳಿದೆ. ಗೆಳತಿ ನಕ್ಕಳು. ಅಣ್ಣ ನಗಲಿಲ್ಲ.

“ನಮ್ಮ ಕಡಿಂದ ಒಂದು ಸಲ ತಗೋತಾರ. ಆಮ್ಯಾಲ ಅದನ್ನ ಐದು ಮಂದಿ ಆಡ್ತಾರ. ಆ ಐದು ಮಂದಿ ರೊಕ್ಕದಾಗ ನಮಗ ಒಂದು ರೂಪಾಯಿ ಇಲ್ಲ. ಆಟ ಮಾಡಿದಾವ್ರು ನಾವು, ಲಾಭ ಟಾವೆಲ್ ಹಾಕಿದಾವಂದು.”

“ನೀ ಹಳೇ ಬೈಕ್ ತಗೊಂಡಿಯಲ್ಲ ಅಣ್ಣಾ, ಕಂಪನಿಗೆ ಏನರ ಕಳಿಸಿದೇನು?” ಎಂದಳು ಗೆಳತಿ.

“ಬೈಕ್ ಓಡಿದಷ್ಟು ಸವೀತೈತಿ. ಅದಕ್ಕ ಮಂದಿ ಹೊಸಾದೂ ತಗೋತಾರ. ಆಟ ಸವೀತೈತೇನು? ಹತ್ತನೇದಾವಗೂ ಅದು ಹೊಸಾದ.”

“ಸವಿಯೂದು ಬಿಡು, ಇದು ಬೆಳಿಯಾಕತ್ತೈತಿ” ಎಂದೆ ನಾನು, ಮಾತಿಗೆ ಮಾತು ಎಂಬಂತೆ.

“ಹಂಗಾರ ಇನ್ನೂ ಕೆಟ್ಟ.”

ಹೊರದೇಶದ ದೊಡ್ಡ ಕಂಪನಿಗಳು ಈ ತಂಟೆಗೆ ಏನೇನು ಮಾಡಿದವು ಎಂದು ಅವನು ವಿವರಿಸಿದ. ಕೆಲವರು ಡಬ್ಬಿಯೊಳಗೆ ಒಂದೇ ಸಲ ನಡೆಯುವ ಕೋಡ್ ಇಟ್ಟರು. ಎರಡನೆಯ ಸಲ ಕೊಂಡವನು ಪೂರ್ತಿ ಆಟ ಬೇಕೆಂದರೆ ಕಂಪನಿಗೆ ಮತ್ತೆ ದುಡ್ಡು ಕೊಡಬೇಕು. ಜನ ಬೈದರು. ಆಮೇಲೆ ಡಬ್ಬಿಯೇ ಇಲ್ಲದಂತೆ, ಇಳಿಸಿಕೊಂಡೇ ಆಡುವಂತೆ ಮಾಡತೊಡಗಿದರು. ಮಾರಲು ಕೈಯಲ್ಲಿ ಏನಾದರೂ ಇದ್ದರೆ ತಾನೆ.

“ಮಂದಿ ಬೈದ್ರೂ ಅವರಿಗೆ ನಡೀತೈತಿ. ನಾವು ಮೂರ ಮಂದಿ ಅದೇವಿ” ಎಂದಳು ಗೆಳತಿ.

ಅಣ್ಣನ ಮಾತನ್ನು ನಾನು ಇಂದಿಗೂ ತಳ್ಳಿಹಾಕುವುದಿಲ್ಲ. ನಮ್ಮ ಅಲಮಾರಿಯಲ್ಲಿ ನೂರಕ್ಕೂ ಹೆಚ್ಚು ಹೊಸ ಪೆನ್ ಡ್ರೈವ್‌ಗಳು ಬಿದ್ದಿದ್ದವು. ಅವು ಹೋದರೆ ಮಾತ್ರ ಎರಡನೆಯ ಆಟ. ಅದು ಗೆಳತಿಯ ಕನಸು. ಧುಪದಾಳದ ಒಡ್ಡಿನಿಂದ ಹಿಡಿದು ಘಟಪ್ರಭೆಯಲ್ಲಿ ತೆಪ್ಪ ನಡೆಸುವ ಆಟ. ಅದಕ್ಕಾಗಿ ರಜಾದಿನಗಳಲ್ಲಿ ಒಡ್ಡಿನ ಮೇಲೆ ಕೂತು ನೀರಿನ ಬಣ್ಣ ನೋಡಿ ನೋಡಿ ಬರೆಯುತ್ತಿದ್ದಳು. ಅದೇ ಹೊತ್ತಿಗೆ ಹುಕ್ಕೇರಿಯ ಒಂದು ಪ್ರಿಂಟಿಂಗ್ ಅಂಗಡಿಯವರು ಮದುವೆ ಕಾರ್ಡಿನ ವಿನ್ಯಾಸಕ್ಕೆ ಅವಳನ್ನು ಕರೆದಿದ್ದರು. ದೀಪಾವಳಿಗೆ ಹೇಳುತ್ತೇನೆ ಎಂದು ತಡೆದಿದ್ದಳು. ಅವಳ ಮನೆಯಲ್ಲಿ ಅದಕ್ಕಿಂತ ಮುಂದೆ ಕಾಯುವಂತಿರಲಿಲ್ಲ.

“ಮೊದಲ ಎಷ್ಟು ಹಳೇವು ತಿರಗಾಡಾಕತ್ತಾವ ನೋಡೂಣು. ನೀ ಲೆಕ್ಕಾ ತಗೊಂಡು ಬಾ” ಎಂದ ಅಣ್ಣ ನನಗೆ.

ಎರಡು ವಾರ ನಾನು ಮೂಡಲಗಿ, ಹುಕ್ಕೇರಿ, ಸಂಕೇಶ್ವರ, ಆಟ ಮಾರುತ್ತಿದ್ದ ಮೂರೂ ಊರು ಸುತ್ತಿದೆ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ ‘ಹೊಸದು’, ಬಲಕ್ಕೆ ‘ಹಳೆಯದು’ ಎಂದು ಬರೆದುಕೊಂಡಿದ್ದೆ. ಅಂಗಡಿಯವರು ಹೇಳಿದ ಪ್ರತಿ ವ್ಯಾಪಾರಕ್ಕೂ ಒಂದು ಗೀಟು. ಬಲಗಡೆ ಗೀಟುಗಳು ತುಂಬಿ ಪುಟ ತಿರುವಬೇಕಾಯಿತು, ಎಡಗಡೆ ಬಿಳಿಯಾಗಿಯೇ ಇತ್ತು.

ಹುಕ್ಕೇರಿಯಲ್ಲಿ ಆರು ಕಂಪ್ಯೂಟರುಗಳ ಒಂದು ಗೇಮ್ ಸೆಂಟರ್ ಇದೆ. ಅದರ ಮಾಲೀಕರು ಮೂವತ್ತರ ಆಸುಪಾಸಿನವರು, ಮಾತು ಶುರುವಾದರೆ ನಿಲ್ಲಿಸುವುದಿಲ್ಲ. “ನಮ್ಮಲ್ಲಿ ನಾಕೈದು ಮಂದಿ ಅದಾರ್ರಿ ಮೇಡಂ, ಟ್ರಾಕ್ಟರ್ ಸಾಕಾವ್ರು. ಒಂದು ಮುಗೀತಂದ್ರ ಮತ್ತೊಂದು” ಎಂದರು. ಅಷ್ಟರಲ್ಲಿ ಸಂಕೇಶ್ವರದ ಬಸ್ಸು ಬಂತೆಂದು ಎದ್ದುಬಿಟ್ಟೆ. ಆ ಮಾತನ್ನು ದಿನಚರಿಯಲ್ಲಿ ಬರೆದಿದ್ದೇನೆ, ಆದರೆ ಲೆಕ್ಕದ ಪುಟದಲ್ಲಲ್ಲ. ಅದಕ್ಕೆ ಯಾವ ಕಡೆ ಗೀಟು ಹಾಕಬೇಕೆಂದು ತಿಳಿಯಲಿಲ್ಲ.

ಆಗಸ್ಟ್ ಮೊದಲ ವಾರ ಅಣ್ಣ ಬೀಗದ ಕೆಲಸ ಹಿಡಿದ. ಆಟವನ್ನು ಮೊದಲ ಸಲ ತೆರೆದಾಗ ಪರದೆಯ ಮೇಲೆ ಹನ್ನೆರಡು ಅಂಕಿಗಳು ಬರುತ್ತವೆ. ಪೆನ್ ಡ್ರೈವ್‌ನ ಸಂಖ್ಯೆ, ಆ ಕಂಪ್ಯೂಟರಿನ ಸಂಖ್ಯೆ ಎರಡನ್ನೂ ಬೆರೆಸಿ ಮಾಡಿದ ಅಂಕಿಗಳು ಅವು. ಕೊಂಡವರು ಅವನ್ನು ನಮಗೆ ವಾಟ್ಸಾಪ್ ಮಾಡಬೇಕು. ನಾವು ಕಳಿಸಿದ ಉತ್ತರವನ್ನು ಹಾಕಿದರೆ ಆಟ ತೆರೆಯುತ್ತದೆ, ಅಂದಿನಿಂದ ಆ ಒಂದು ಕಂಪ್ಯೂಟರಿಗೇ ಕಟ್ಟುಬೀಳುತ್ತದೆ. ಬೇರೆಯವರಿಗೆ ಮಾರಿದರೆ ಅವರ ಮನೆಯಲ್ಲಿ ತೆರೆಯುವುದಿಲ್ಲ.

ಮೊದಲ ತೊಡಕು ಹುಕ್ಕೇರಿಯಲ್ಲಿ ಪರೀಕ್ಷೆ ಮಾಡುವಾಗ ಬಂತು. ಗೇಮ್ ಸೆಂಟರಿನಲ್ಲಿ ಬಂದವರು ಖಾಲಿ ಇದ್ದ ಕಂಪ್ಯೂಟರಿಗೆ ಕೂಡುತ್ತಾರೆ. ಸೋಮವಾರ ಒಂದನೆಯದಕ್ಕೆ ಕೂತವನು ಮಂಗಳವಾರ ನಾಲ್ಕನೆಯದಕ್ಕೆ ಕೂತರೆ ಆಟ ತೆರೆಯಲಿಲ್ಲ. ಅಣ್ಣ ಸೆಂಟರುಗಳಿಗೆ ಬೇರೆ ಉತ್ತರ ಮಾಡಿದ, ಒಂದು ಉತ್ತರಕ್ಕೆ ಆರು ಕಂಪ್ಯೂಟರು. ಅದನ್ನು ಪರೀಕ್ಷಿಸಲು ಆರೂ ಯಂತ್ರಗಳ ಮುಂದೆ ಸರದಿಯಾಗಿ ಕೂತು ಎದ್ದೆ. ಅಲ್ಲಿಗೆ ಮತ್ತೊಂದು ವಾರ ಹೋಯಿತು.

ಹಳೆಯ ಪೆನ್ ಡ್ರೈವ್‌ಗಳನ್ನು ಏನು ಮಾಡುವುದು? ಅವಕ್ಕೆ ಬೀಗ ಬೀಳದಿದ್ದರೆ ಅವೇ ತಿರುಗುತ್ತಿರುತ್ತವೆ. ಅದಕ್ಕಾಗಿ ಒಂದು ಹೊಸ ರಸ್ತೆ ಮಾಡಿದೆವು. ಗೆಳತಿ ಹಗಲಿಡೀ ಕೂತು ಘಾಟಿನ ತಿರುವುಗಳನ್ನು ಬರೆದಳು. ಹಳೆಯ ಪೆನ್ ಡ್ರೈವ್ ತಂದವರಿಗೆ ಹೊಸ ರಸ್ತೆ ಪುಕ್ಕಟೆ, ಅದರ ಜತೆಗೆ ಬೀಗ.

ಎರಡನೆಯ ತೊಡಕು ಸೆಪ್ಟೆಂಬರ್ ಕೊನೆಯಲ್ಲಿ ಕಂಡಿತು. ಹೊಸ ಆವೃತ್ತಿ ಹಾಕಿದ ಪೆನ್ ಡ್ರೈವ್‌ನಲ್ಲಿ ಹಳೆಯ ಟ್ರಾಕ್ಟರು ಬರಲಿಲ್ಲ. ಬೀಗದ ಮುದ್ರೆ ಪ್ರಗತಿಯ ಫೈಲಿನ ಮೇಲೂ ಬೀಳುವಂತೆ ಅಣ್ಣ ಬರೆದಿದ್ದ. ಮುದ್ರೆಯಿಲ್ಲದ ಹಳೆಯ ಫೈಲುಗಳನ್ನು ಆಟ ಓದುತ್ತಿರಲಿಲ್ಲ. ಅವನ್ನು ಹೊಸ ರೂಪಕ್ಕೆ ತರುವ ಪ್ರೋಗ್ರಾಮ್ ಬರೆಯಲು ಎಷ್ಟು ದಿನ ಎಂದು ಕೇಳಿದೆ.

“ಮೂರು ವಾರ. ಆಗ ದಸರಾ ಸೂಟಿ ಮುಗದಿರ್ತೈತಿ” ಎಂದ. ಕೀಬೋರ್ಡ್ ಸರಿಸಿ, “ಟೆಸ್ಟಿಂಗ್ ನಿಂದು. ನೀ ಹೇಳು. ತಡಿಯೂಣೋ, ಹಿಂಗ ಮಾರಾಕ ಬಿಡೂಣೋ?” ಎಂದ.

ಗೆಳತಿ ತನ್ನ ಕಂಪ್ಯೂಟರಿನಿಂದ ತಿರುಗಿ ನನ್ನನ್ನು ನೋಡಿದಳು. ಅವಳ ಪರದೆಯ ಮೇಲೆ ಒಡ್ಡಿನ ನೀರು ಅರ್ಧ ಬರೆದಿತ್ತು.

ದಸರಾ ತಪ್ಪಿದರೆ ಅಲಮಾರಿ ಖಾಲಿಯಾಗುವುದಿಲ್ಲ, ಅಲಮಾರಿ ಖಾಲಿಯಾಗದಿದ್ದರೆ ಅವಳು ದೀಪಾವಳಿಗೆ ಹೋಗುತ್ತಾಳೆ. ನನ್ನ ಪುಟದ ಬಲಗಡೆಯ ಗೀಟುಗಳು ಕಣ್ಣ ಮುಂದೆ ಇದ್ದವು. ಆಟದೊಳಗಿನ ಟ್ರಾಕ್ಟರು ತಾನೆ, ಮತ್ತೆ ದುಡಿದುಕೊಳ್ಳುತ್ತಾರೆ ಎಂದುಕೊಂಡೆ.

“ಬಿಡೂಣು” ಎಂದೆ.

ಇನ್ನೊಂದು ಪ್ರಶ್ನೆ ನಾನೇ ಎತ್ತಿದೆ. ಹೊಸ ಆವೃತ್ತಿ ಹಾಕುವಾಗ ಪೆನ್ ಡ್ರೈವ್ ಪೂರ್ತಿ ಅಳಿಸಿ ಬರೆಯಬೇಕಿತ್ತು. ಅಳಿಸುವ ಮೊದಲು ಹಳೆಯ ಫೈಲುಗಳ ಪ್ರತಿ ತೆಗೆದಿಡೋಣವೇ? ಒಂದೊಂದಕ್ಕೆ ಒಂದು ನಿಮಿಷವೂ ಹಿಡಿಯುವುದಿಲ್ಲ.

“ಇಟ್ಕೊಂಡ್ರ ನಾಳೆ ಬಂದು ನಂದು ಹಾಕಿ ಕೊಡ್ರಿ ಅಂತ ಕುಂದರ್ತಾರ. ಇಲ್ಲ ಅಂದ್ರ ಇಲ್ಲ, ಮುಗೀತು” ಎಂದ ಅಣ್ಣ. ನಾನು ಹೂಂ ಎಂದೆ. ಅಳಿಸುವ ಮೊದಲು ಪ್ರತಿ ತೆಗೆ ಎಂಬುದು ನಮ್ಮ ಕೆಲಸದಲ್ಲಿ ಮೊದಲ ದಿನ ಕಲಿಯುವ ಪಾಠ. ಆ ಹೂಂ ನನಗೆ ಇಂದಿಗೂ ಅರ್ಥವಾಗಿಲ್ಲ.

ದಸರಾ ರಜೆಯ ಮೊದಲ ಸೋಮವಾರ ಕಾಕಾನ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ‘ಹೊಸ ರಸ್ತೆ ಪುಕ್ಕಟೆ’ ಎಂದು ಬೋರ್ಡು ಹಾಕಿದ್ದೆವು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಹಳೆಯ ಆಟ ಉಳಿಯುವುದಿಲ್ಲ’ ಎಂದೂ ಇತ್ತು. ಅದನ್ನು ಓದಿದವರು ಹಳೆಯ ಆವೃತ್ತಿ ಹೋಗಿ ಹೊಸ ಆವೃತ್ತಿ ಬರುತ್ತದೆ ಎಂದು ತಿಳಿದರು. ಹಾಗೆ ತಿಳಿಯುವುದೇ ಸಹಜ. ಬಸ್ಸಿನಲ್ಲಿ, ಬೈಕಿನಲ್ಲಿ ಬಂದರು. ಊಟದ ಹೊತ್ತಿಗೆ ಮೂವತ್ತಕ್ಕೂ ಹೆಚ್ಚು ಆಗಿತ್ತು. ಕಾಕಾ ತಮ್ಮ ಕಪಾಟಿನಲ್ಲಿದ್ದ ಹನ್ನೊಂದನ್ನೂ ತಾವಾಗಿಯೇ ತೆಗೆದು ಕೊಟ್ಟರು. “ರಸ್ತಾ ಹೊಸಾದಂದ್ರ ರೇಟ್ ಇನ್ನೂ ಏರತೈತಿ” ಎಂದು ನಗುತ್ತಾ.

ಊಟವಾದ ಮೇಲೆ ಮಸಗುಪ್ಪಿಯ ಟ್ರಾಕ್ಟರ್ ಡ್ರೈವರ್ ಒಬ್ಬರು ಬಂದರು. ನಲವತ್ತು ದಾಟಿದವರು. ಬೆಳಿಗ್ಗೆ ಪೆನ್ ಡ್ರೈವ್ ಕೊಟ್ಟು, ಹೊಸದಾಗಿ ಮಾಡಿಸಿಕೊಂಡು ಹೋಗಿ, ಮನೆಯಿಂದ ಅಂಕಿ ಕಳಿಸಿ ಉತ್ತರ ಪಡೆದಿದ್ದರು. ಕಬ್ಬಿನ ಹಂಗಾಮು ಶುರುವಾದರೆ ಖರೆ ಟ್ರಾಕ್ಟರಿನ ಮೇಲೆ ಹಗಲು ರಾತ್ರಿ. ಅದಕ್ಕೆ ಮೊದಲು ಅಳಿಯನ ಕಂಪ್ಯೂಟರಿನಲ್ಲಿ ಇದನ್ನು ಆಡುತ್ತಿದ್ದರಂತೆ.

“ತಂಗೀ, ಇದು ನಂದಲ್ಲ. ಬದಲಾಗೇತಿ ನೋಡವಾ.”

ನಾನು ಸಂಖ್ಯೆ ನೋಡಿದೆ. “ನಿಮ್ಮದ ಐತ್ರಿ.”

“ಹಲಗಿ ಮ್ಯಾಲ ಮೂರು ಹೆಸರ ಇದ್ವು. ಮೊದಲ ಯಾರೋ ಕುಲಗೋಡದಾವ ಬರಸಿದ್ದ. ಅವನ ಕಡಿಂದ ತಗೊಂಡಾವ ಅದರ ಕೆಳಗ ಬರಸಿದ. ಮೂರನೇದ್ದು ನಮ್ಮ ಊರ ಹುಡಗಂದು. ಕಡೀಕ ನಂದು ಬರಸಾವ ಇದ್ನಿ. ಈಗ ನೋಡಿದ್ರ ಹಲಗಿನ ಖಾಲಿ.”

ಯಾರೂ ಹಿಂದಿನವನ ಹೆಸರು ಅಳಿಸಿರಲಿಲ್ಲ ಎಂದು ನನಗೆ ತಿಳಿದದ್ದು ಆಗ. ನಾಲ್ಕು ಸಾಲು ಇಟ್ಟವರು ನಾವೇ. ಒಬ್ಬನೇ ನಾಲ್ಕು ಸಾಲು ಬರೆಯಲಿ ಎಂದು ಇಟ್ಟಿದ್ದೆವು.

ನಾನು ಬೀಗ, ಮುದ್ರೆ, ಫೈಲು, ಹೊಸ ಆವೃತ್ತಿ ಎಂದು ಏನೇನೋ ಹೇಳಿದೆ. ಅವರು ಪೂರ್ತಿ ಕೇಳಿದರು.

“ಅಂದ್ರ ರಸ್ತಾ ಕೊಟ್ರಿ, ಗಾಡಿ ಕಸಗೊಂಡ್ರಿ” ಎಂದರು. ಸಿಟ್ಟಿನಿಂದಲ್ಲ. ಪೆನ್ ಡ್ರೈವ್ ಕೌಂಟರಿನ ಮೇಲಿಟ್ಟು ಹೊರಟರು. ಒಯ್ಯಿರಿ ಎಂದು ಹಿಂದೆ ಕೂಗಿದೆ. ತಿರುಗಲಿಲ್ಲ.

ಕಾಕಾ ತಮ್ಮ ಹನ್ನೊಂದರಲ್ಲಿ ಒಂದನ್ನು ಕಂಪ್ಯೂಟರಿಗೆ ಹಾಕಿ ನೋಡಿದರು. ಇನ್ನೊಂದು ಹಾಕಿದರು, ಅದರಲ್ಲೂ ಬರೀ ಹನ್ನೆರಡು ಅಂಕಿ. ಮೂರನೆಯದನ್ನು ಹಾಕಲಿಲ್ಲ. ಚೀಟಿಗಳನ್ನು ಒಂದೊಂದಾಗಿ ಕಿತ್ತರು.

“ಕಾಕಾ, ನಮಗೂ ಹೊಟ್ಟೀಪಾಡು ಐತ್ರಿ. ಐದೈದು ಸಲ ಮಾರಿದ್ರ ಆಟ ಮಾಡಿದಾವ್ರಿಗೆ ಏನು ಬರ್ತೈತಿ?”

“ಅದನ್ನ ನನ್ನ ಮುಂದ ಕುಂತು ಕೇಳಬೇಕಾಗಿತ್ತು ಯವ್ವಾ. ಮಾರಿದ್ದರಾಗ ಒಂದು ಪಾಲು ಕೊಡು ಅಂದಿದ್ರ ಇಲ್ಲ ಅಂತಿದ್ನೇನು? ದನದ ಸಂತ್ಯಾಗ ದಲಾಲಿ ಎಲ್ಲಾರೂ ಕೊಡ್ತಾರ.” ಅವರು ಕಪಾಟಿನ ಗಾಜು ಎಳೆದರು. “ಮಂದಿ ಮನಿ ಹೊಕ್ಕು ಎತ್ತಿನ ದಾವಣಿ ಬಿಚ್ಚಿದ್ರಿ ನೀವು.”

ಪಾಲು ಕೇಳುವ ವಿಚಾರ ನಮ್ಮ ಮೂವರಲ್ಲಿ ಯಾರಿಗೂ ಬಂದಿರಲಿಲ್ಲ. ಎರಡು ತಿಂಗಳು ಬೀಗದ ಲೆಕ್ಕದಲ್ಲೇ ಇದ್ದೆವು. ಕೌಂಟರಿನ ಆಚೆಗಿದ್ದವರೊಂದಿಗೆ ಕೂತು ಮಾತಾಡಿದರೆ ಆಗುತ್ತದೆ ಎಂದು ಹೊಳೆಯಲಿಲ್ಲ. ನನಗೆ ಹೊಳೆಯಬೇಕಿತ್ತು. ಅಂಗಡಿಗಳಿಗೆ ಹೋಗುತ್ತಿದ್ದವಳು ನಾನು.

ಅಂದೇ ಕೆಲಸ ನಿಲ್ಲಿಸಿದೆ. ಆದರೆ ಅಷ್ಟರಲ್ಲಿ ಹುಕ್ಕೇರಿಯಲ್ಲಿ ಅಣ್ಣ ಅದೇ ಕೆಲಸವನ್ನು ಮುಗಿಸಿದ್ದ.

ದಸರಾ ರಜೆಯಲ್ಲಿ ಮೂರೂ ಊರು ಸೇರಿ ಏಳು ಹೊಸ ಪೆನ್ ಡ್ರೈವ್ ಹೋದವು. ಬೇಸಿಗೆ ರಜೆಯಲ್ಲಿ ಮೂಡಲಗಿ ಒಂದರಲ್ಲೇ ಇದರ ಹತ್ತು ಪಟ್ಟು ಹೋಗಿದ್ದವು. ಯಾಕೆ ಹೀಗೆ ಎಂದು ಕೇಳಲು ಹುಕ್ಕೇರಿಯ ಸೆಂಟರಿಗೆ ಹೋದೆ. ಈ ಸಲ ಬಸ್ಸಿನ ವೇಳೆ ನೋಡದೆ ಕೂತೆ.

“ನಿಮಗ ಆಗ ಹೇಳಿದ್ನೆಲ್ರಿ ಮೇಡಂ, ಟ್ರಾಕ್ಟರ್ ಸಾಕಾವ್ರು ಅಂತ. ಸೂಟಿ ಬಂದ ಕೂಡ್ಲೆ ಅವರು ಹೊಸಾದು ತಗೋತಿದ್ರು. ಎಳೀ ಕರ ತಂದಂಗ. ಎರಡು ತಿಂಗಳ ದುಡಸಿ, ಗಾಲಿ ಹಾಕಿ, ಬಣ್ಣಾ ಹೊಡದು ಮೂಡಲಗ್ಯಾಗ ಮಾರತಿದ್ರು. ಆ ರೊಕ್ಕದಾಗ ಮತ್ತ ಎರಡು ಹೊಸಾವು. ನಿಮ್ಮ ಹೊಸಾವಕ್ಕ ಗಿರಾಕಿ ಅಂದ್ರ ಅವರ. ಬ್ಯಾರೆ ಯಾರು ತಗೋತಾರ್ರಿ ಖಾಲಿ ಟ್ರಾಕ್ಟರ್?”

“ಈಗ?”

“ಮಾರಾಕ ಬರಲಿಲ್ಲ ಅಂದ ಮ್ಯಾಲ ಸಾಕೂದ್ಯಾಕ?”

ಹಳೆಯದರ ವ್ಯಾಪಾರ ಹೊಸದನ್ನು ತಿನ್ನುತ್ತದೆ ಎಂದುಕೊಂಡಿದ್ದೆವು. ದೊಡ್ಡ ಕಂಪನಿಗಳ ಮಟ್ಟಿಗೆ ಅದು ನಿಜವೋ ಏನೋ, ನಾನು ಹೇಳಲಾರೆ. ನಮ್ಮ ಆಟದ ಮಟ್ಟಿಗೆ ಹೊಸದು ಹೋಗುತ್ತಿದ್ದದ್ದೇ ಹಳೆಯದಾಗಿ ಮಾರಲಿಕ್ಕೆ. ನನ್ನ ಗೀಟುಗಳು ಒಂದೂ ತಪ್ಪಾಗಿರಲಿಲ್ಲ. ಒಬ್ಬನೇ ಮನುಷ್ಯ ಪುಟದ ಎರಡೂ ಕಡೆ ಇದ್ದಾನೆ ಎಂಬುದು ಗೀಟು ಹಾಕಿದರೆ ಕಾಣುವಂಥದ್ದಲ್ಲ.

ಅಣ್ಣನಿಗೆ ಹೇಳಿದೆ. ಅವನು ವಾದ ಮಾಡಲಿಲ್ಲ. ಎಂಟು ದಿನ ಕೂತು ಬೀಗ ತೆಗೆದ ಆವೃತ್ತಿಯನ್ನು ಮಾಡಿದ. ಅದನ್ನು ತೆಗೆದುಕೊಂಡು ಮೂಡಲಗಿಗೆ ಅವನೂ ಬಂದ. ಕಾಕಾ ಇಬ್ಬರಿಗೂ ಚಹಾ ತರಿಸಿದರು.

“ತಪ್ಪಾತ್ರಿ” ಎಂದ ಅಣ್ಣ. “ಬೀಗ ತಗದೇವಿ. ಇನ್ನ ಮ್ಯಾಲ ಹಳೇದು ಮಾರಿದ್ರ ನಮಗೊಂದು ಸಣ್ಣ ಪಾಲು, ನೀವು ಅಂದಂಗ.”

“ಇಡ್ತೇನಿ. ಇಡಾಕ ನಂದೇನೂ ತಕರಾರ ಇಲ್ಲ” ಎಂದರು ಕಾಕಾ. “ಆದ್ರ ಮಂದಿ ಕೇಳತಾರಪಾ. ನಾಳಿಗೆ ಮತ್ತ ಅಳಸಂಗಿಲ್ಲ ಅನ್ನೂದಕ್ಕ ಏನು ಖಾತ್ರಿ ಅಂತಾರ. ಏನು ಹೇಳ್ಲಿ?”

ಬರೆದುಕೊಡುತ್ತೇವೆ ಎಂದು ನಾನು ಹೇಳಹೊರಟೆ, ಹೇಳಲಿಲ್ಲ. ಬೋರ್ಡಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದವಳೂ ನಾನೇ.

ಹತ್ತು ಪೆನ್ ಡ್ರೈವ್ ಬಿಟ್ಟು ಬಂದೆವು. ಹದಿನೈದು ದಿನ ಬಿಟ್ಟು ಹೋದಾಗ ಹತ್ತೂ ಇದ್ದವು. ಹಂಗಾಮು ಶುರುವಾಗಿ ರಸ್ತೆಯ ಮೇಲೆ ಖರೆ ಟ್ರಾಕ್ಟರುಗಳು ಸಾಲುಗಟ್ಟಿದ್ದವು. ಕಾಕಾನ ಅಂಗಡಿಯಲ್ಲಿ ಹಾಡು ತುಂಬಿಸಿಕೊಳ್ಳುವವರ ಗದ್ದಲ.

ದೀಪಾವಳಿಯ ಹಿಂದಿನ ದಿನ ಗೆಳತಿ ಹುಕ್ಕೇರಿಯವರಿಗೆ ಬರುತ್ತೇನೆ ಎಂದು ಫೋನು ಮಾಡಿದಳು. ನಮ್ಮೆದುರಿಗೇ ಮಾಡಿದಳು, ಹೊರಗೆ ಹೋಗಿ ಮಾಡಲಿಲ್ಲ. ಅಣ್ಣ ಎದ್ದು ಕಿಟಕಿಯ ಹತ್ತಿರ ನಿಂತ.

ಅವಳ ಕಡೆಯ ದಿನ ನವೆಂಬರಿನ ಒಂದು ಶುಕ್ರವಾರ. ಅಣ್ಣ ಅಂದು ಬಂದಿರಲಿಲ್ಲ. ಅವಳು ತನ್ನ ಬ್ರಷ್ಷು, ಚಿತ್ರ ಬಿಡಿಸುವ ಟ್ಯಾಬ್ಲೆಟ್ಟು ಚೀಲಕ್ಕೆ ಹಾಕಿಕೊಂಡ ಮೇಲೆ ನನ್ನನ್ನು ಕರೆದಳು.

“ಒಮ್ಮಿ ಆಡಿ ನೋಡ. ನಡೀತೈತೋ ಇಲ್ಲೋ ಹೇಳ.”

ಧುಪದಾಳದ ಒಡ್ಡು. ಬೆಳಗಿನ ಹೊತ್ತು. ನೀರು ಒಡ್ಡಿನ ಮೇಲಿಂದ ತೆಳುವಾಗಿ ಇಳಿಯುತ್ತಿತ್ತು. ಅಣ್ಣ ಯಾವಾಗ ಬರೆದುಕೊಟ್ಟಿದ್ದನೋ, ತೆಪ್ಪ ಗುಂಡಿ ಒತ್ತಿದರೆ ಚಲಿಸುತ್ತಿತ್ತು. ನಾನು ಮೇಲ್ಗಡೆಗೆ ನಡೆಸಿದೆ. ದಂಡೆಯ ಜಾಲಿ ಗಿಡಗಳು, ಬಟ್ಟೆ ಒಗೆಯುವ ಕಲ್ಲುಗಳು, ನೀರಿನೊಳಗೆ ನಿಂತ ಎಮ್ಮೆಗಳ ಬೆನ್ನು. ಪ್ರತಿ ತಿರುವಿಗೂ ನೀರಿನ ಬಣ್ಣ ಬೇರೆ. ಒಂದು ತಿರುವು ದಾಟಿದ ಮೇಲೆ ನದಿ ಒಮ್ಮೆಲೇ ನಿಂತು, ಆಚೆ ಬರೀ ಬೂದು ಬಣ್ಣವಿತ್ತು.

ರೂಢಿಯಂತೆ ಪೆನ್ನು ತೆಗೆದುಕೊಂಡೆ. “ಇಲ್ಲಿ ತುಂಡಾಗೇತಿ ನೋಡ. ಬರಕೋತೇನಿ.”

“ಬರಕೋಬ್ಯಾಡ. ತಪ್ಪಲ್ಲ ಅದು. ಅಲ್ಲೀತನಾ ಬರದೇನಿ, ಅಷ್ಟ.”

ಅವಳು ಕುಲಗೋಡದ ಬಸ್ಸಿಗೆ ಹೊತ್ತಾಯಿತೆಂದು ಮೆಟ್ಟಿಲಿಳಿದಳು. ನಾನು ತೆಪ್ಪವನ್ನು ಹಿಂದಕ್ಕೆ ತಿರುಗಿಸಿ, ಬರೆದಷ್ಟು ನದಿಯಲ್ಲಿ ಇನ್ನೊಂದು ಸಲ ಹೋಗಿಬಂದೆ.